ಕವಿತಕ್ಕನ ಮೆಟ್ಟಿಲ ಕೆಳಗಿನ ಬ್ಯಾಂಕು

ಶಿಡ್ಲಘಟ್ಟದಲ್ಲಿ ಬ್ಯಾಂಕುಗಳಿಗೇನೂ ಬರವಿಲ್ಲ. ಆದರೆ ಸಾಲ ಕೊಡದೆ, ಠೇವಣಿ ಇಟ್ಟುಕೊಳ್ಳದೆ, ಬಂದವರನ್ನೆಲ್ಲ ಚೆನ್ನಾಗಿ ಬೈದು, ಕೊನೆಗೆ ಟೀ ಕೊಟ್ಟು ಕಳಿಸುವ ಬ್ಯಾಂಕು ಇರುವುದು ಒಂದೇ. ಅದು ಊರಾಚೆ ಸರ್ಕಾರ ಬಡವರಿಗೆಂದು ಕಂತಿನ ಮೇಲೆ ಕಟ್ಟಿಸಿಕೊಟ್ಟ ಮೂರಂತಸ್ತಿನ ಮನೆಗಳಲ್ಲಿ, ಎರಡನೇ ಸಾಲಿನ ಮೆಟ್ಟಿಲ ಕೆಳಗೆ ಇದೆ. ಅದರ ಮ್ಯಾನೇಜರು, ಗುಮಾಸ್ತೆ, ಜವಾನ ಎಲ್ಲವೂ ಕವಿತ ಒಬ್ಬಳೇ.

ಕವಿತಳಿಗೆ ನಲವತ್ತಾರು ವರ್ಷ. ಸೀರೆಗೆ ಫಾಲ್ಸ್ ಹಚ್ಚುವುದು, ಬ್ಲೌಸು ಹೊಲಿಯುವುದು ಹೊಟ್ಟೆಪಾಡು. ಗಂಡ ಚೆನ್ನರಾಯಪ್ಪ ಚಿಕ್ಕಬಳ್ಳಾಪುರದ ಮಾರುಕಟ್ಟೆಗೆ ತರಕಾರಿ ಸಾಗಿಸುವ ಟೆಂಪೋ ಓಡಿಸುತ್ತಾನೆ. ಮಧ್ಯಾಹ್ನ ಕೈ ಬಿಡುವಾದಾಗ ಕವಿತ ಹೊಲಿಗೆ ಯಂತ್ರವನ್ನು ಮೆಟ್ಟಿಲ ಕೆಳಗೆ ಎಳೆದು ತರುತ್ತಾಳೆ. ಅದರ ಮುಚ್ಚಳ ಹಾಕಿದರೆ ಬ್ಯಾಂಕಿನ ಕೌಂಟರು. ಗಂಡನ ಹಳೇ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡರೆ ಅವಳೇ ಗುಮಾಸ್ತೆ.

ಇದೆಲ್ಲ ಶುರುವಾದದ್ದು ಪೆನ್ಷನ್ ಬರುವ ದಾರಿ ಬದಲಾದ ಮೇಲೆ. ಮೊದಲು ಅಂಚೆಯ ನರಸಿಂಹಮೂರ್ತಿ ತಿಂಗಳಿಗೊಮ್ಮೆ ಬಂದು, ಮುದುಕ ಮುದುಕಿಯರ ಹೆಸರು ಹಿಡಿದು ಕೂಗಿ, ದುಡ್ಡು ಕೈಗಿತ್ತು, ಒಂದು ಲೋಟ ನೀರು ಕುಡಿದು ಹೋಗುತ್ತಿದ್ದ. ಆಮೇಲೆ ದುಡ್ಡು ನೇರವಾಗಿ ಬ್ಯಾಂಕಿನ ಖಾತೆಗೆ, ಅದಕ್ಕೆ ಆಧಾರ್ ಜೋಡಣೆಯಾಗಿರಬೇಕು ಎಂದಾಯಿತು. ಒಳ್ಳೆಯದೇ. ಆದರೆ ಅಂಚೆಯವನು ಮನೆಗೆ ಬರುತ್ತಿದ್ದ, ಬ್ಯಾಂಕು ಬರುವುದಿಲ್ಲ. ಬ್ಯಾಂಕಿಗೆ ಹೋಗುವುದೆಂದರೆ ಎಲ್ಲರಿಗೂ ನಡುಕ. ಅದರಲ್ಲಿ ನಗುವಂಥದ್ದೇನೂ ಇಲ್ಲ. ಎರಡೆರಡು ಡಿಗ್ರಿ ಮಾಡಿದ ನಮ್ಮಂಥವರೇ ಚಲನ್ ತುಂಬುವಾಗ ಪಕ್ಕದವನ ಚಲನ್ ಇಣುಕಿ ನೋಡಿ, ಅವನ ಹೆಸರನ್ನೇ ಬರೆದು ಬಂದದ್ದುಂಟು.

ಕವಿತಳೂ ನಡುಗಿದವಳೇ. ತಾಯಿಯ ಪೆನ್ಷನ್ ಕೇಳಲು ಹೋದ ಮೊದಲ ದಿನ ಕೌಂಟರಿನ ವೆಂಕಟರಾಮಪ್ಪ ಎಂಬ ಗುಮಾಸ್ತೆ ಗದರಿದ ಗದರಿಕೆಗೆ ಹೆದರಿ ಓಡಿಬಂದು, ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಅತ್ತಿದ್ದಳು. ಬೇರೆಯವರಾಗಿದ್ದರೆ ಅವನ ವಂಶಕ್ಕೆ ಶಾಪ ಹಾಕಿ ಮನೆಗೆ ಹೋಗುತ್ತಿದ್ದರು. ಕವಿತ ಅತ್ತು ಮುಗಿಸಿ, ಅವನು ಬೈದದ್ದನ್ನೆಲ್ಲ ಬಾಯಿಪಾಠ ಮಾಡಿಕೊಂಡು ಬಂದು ಅದನ್ನೇ ಪಾಠ ಮಾಡಿದಳು.

"ಏನ್ರೀ ಬೇಕು?" ಎಂದು ಅವಳು ಕೌಂಟರಿನ ಹಿಂದಿನಿಂದ ಗುಡುಗುತ್ತಾಳೆ.

ಮೇಲಿನ ಮನೆಯ ನಲ್ಲಪ್ಪ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಮೂಟೆ ಹೊತ್ತು ಬಾಳಿದ ಗಟ್ಟಿ ಆಳು. ಅವನ ಕೈಯಲ್ಲಿದ್ದ ಚೀಲ ಕೆಳಗೆ ಬೀಳುತ್ತದೆ. "ಏನೂ ಬೇಡ ಕಣಮ್ಮ, ಹಿಂಗೇ ಬಂದೆ."

"ಹಿಂಗೇ ಬರಕ್ಕೆ ಇದೇನು ಅರಳಿಕಟ್ಟೆನಾ? ಹೋಗು, ಇನ್ನೊಂದ್ಸಲ ಬಾಗಿಲಿಂದ ಬಾ. ಮಾವ, ನೀನು ಮೂಟೆ ಹೊತ್ಕೊಂಡು ಹೋಗುವಾಗ ಅಡ್ಡ ನಿಂತೋನಿಗೆ ಏನಂತಿದ್ದೆ?"

"ಅದನ್ನ ಹೆಂಗಸರ ಮುಂದೆ ಹೇಳಕ್ಕಾಗಲ್ಲಮ್ಮ."

"ಹೇಳೋದು ಬೇಡ. ಆ ಮುಖ ಇಟ್ಕೊಂಡು ಬಾ."

ಮೆಟ್ಟಿಲ ಮೇಲೆ ಸಾಲಾಗಿ ಕೂತು ನೋಡುತ್ತಿರುವ ಹೆಂಗಸರೆಲ್ಲ ನಗುತ್ತಾರೆ. ನಲ್ಲಪ್ಪ ನಾಲ್ಕನೇ ಸಲಕ್ಕೆ ದಾರಿಗೆ ಬರುತ್ತಾನೆ. "ಆಧಾರ್ ಜೋಡಿಸ್ಬೇಕು ಸಾರ್. ಇದು ಆಧಾರು, ಇದು ಪಾಸ್‌ಬುಕ್ಕು, ಇದು ಫೋನು."

"ಸರ್ವರ್ ಇಲ್ಲ, ನಾಳೆ ಬಾ!"

"ಬರೋವರ್ಗೂ ಇಲ್ಲೇ ಕೂತಿರ್ತೀನಿ ಸಾರ್."

ಅದೇ ಮಂತ್ರ. ಕವಿತಳ ಬ್ಯಾಂಕಿನಲ್ಲಿ ಅದನ್ನು ತಡವರಿಸದೆ ಹೇಳಿದವರು ಪಾಸು. ಹಾಗೆ ಪಾಸಾದವರನ್ನು ಅವಳೇ ಊರಿನ ಬ್ಯಾಂಕಿಗೆ ಕರೆದೊಯ್ಯುತ್ತಿದ್ದಳು. ಒಳಗೆ ಹೋದ ಮೇಲೆ ಮಾತ್ರ ಅವಳು ಬಾಯಿ ತೆರೆಯುತ್ತಿರಲಿಲ್ಲ. "ನಾನು ಮಾತಾಡಿದ್ರೆ ಪ್ರತಿ ತಿಂಗ್ಳೂ ನಾನೇ ಬರ್ಬೇಕಾಗುತ್ತೆ" ಎನ್ನುವಳು. ಸೋಮಾರಿತನದಂತೆ ಕೇಳುವ ಮಾತು. ಆದರೆ ಮಾತಾಡದೆ ಅರ್ಧ ದಿನ ಗೋಡೆಗೊರಗಿ ನಿಂತು, ಮನೆಯಲ್ಲಿ ಹೊಲಿಯದೆ ಬಿದ್ದ ಬ್ಲೌಸುಗಳನ್ನು ನೆನೆಯುತ್ತ ಇನ್ನೊಬ್ಬರು ಕಲಿಯುವುದನ್ನು ಕಾಯುವುದು ಎಷ್ಟು ಕಷ್ಟ ಎಂಬುದು, ಮಕ್ಕಳ ಹೋಂವರ್ಕ್ ತಾವೇ ಬರೆದುಕೊಡುವ ನಮಗೆಲ್ಲ ಗೊತ್ತೇ ಇದೆ.

ಅಷ್ಟರಲ್ಲಿ ನಲ್ಲಪ್ಪನ ಖಾತೆಗೆ ಕನ್ನ ಬಿತ್ತು. ಯಾರೋ ಫೋನು ಮಾಡಿ, "ಸಾರ್ ನಮಸ್ಕಾರ, ಊಟ ಆಯ್ತಾ?" ಎಂದು ವಿಚಾರಿಸಿ, ಫೋನಿಗೆ ಬಂದ ಆರಂಕಿಯ ಒಟಿಪಿ ಕೇಳಿ ಪಡೆದು, ಪೆನ್ಷನ್ ಅಷ್ಟನ್ನೂ ಬಳಿದುಕೊಂಡಿದ್ದ. "ನಂಗೆ ಯಾರಮ್ಮ ಸಾರ್ ಅಂತಾರೆ? ಅದಕ್ಕೇ ಕೊಟ್ಬಿಟ್ಟೆ" ಎಂದ ನಲ್ಲಪ್ಪ.

ಅಂದಿನಿಂದ ಎರಡನೇ ಪಾಠ ಶುರು. "ಗದರೋನು ಬ್ಯಾಂಕಿನೋನು, ಸಿಹಿಯಾಗಿ ಮಾತಾಡೋನು ಕಳ್ಳ. ಒಟಿಪಿ ಯಾರಿಗೂ ಹೇಳಂಗಿಲ್ಲ. ನಾನು ಕೇಳಿದ್ರೂ ಹೇಳಂಗಿಲ್ಲ." ಪರೀಕ್ಷೆಯೂ ಇರುತ್ತಿತ್ತು. ಕವಿತ ತಟ್ಟೆ ತುಂಬ ಚಿತ್ರಾನ್ನ ಹಿಡಿದು ಒಬ್ಬೊಬ್ಬರ ಮನೆಗೆ ಹೋಗಿ, ಕಷ್ಟಸುಖ ಮಾತಾಡಿ, ನಡುವೆ ಮೆಲ್ಲಗೆ ಫೋನಿಗೆ ಬಂದ ನಂಬರು ಕೇಳುತ್ತಿದ್ದಳು. ಹೆಚ್ಚಿನವರು ಚಿತ್ರಾನ್ನ ಮುಗಿಯುವುದರೊಳಗೆ ಸೋತರು. ನೆಲಮಹಡಿಯ ಲಕ್ಷ್ಮಿದೇವಮ್ಮ ಮಾತ್ರ ತಟ್ಟೆ ಖಾಲಿ ಮಾಡಿ, ತೊಳೆದು ವಾಪಸು ಕೊಟ್ಟು, "ಉಪ್ಪು ಒಂಚೂರು ಕಮ್ಮಿ. ನಂಬರ್ ಹೇಳಲ್ಲ, ಹೋಗಮ್ಮ" ಎಂದಳು.

ಈ ಲಕ್ಷ್ಮಿದೇವಮ್ಮನದೇ ದೊಡ್ಡ ಚಿಂತೆಯಾಗಿತ್ತು. ವಯಸ್ಸೆಲ್ಲ ರೇಷ್ಮೆ ನೂಲು ತೆಗೆಯುವ ಕೆಲಸದಲ್ಲಿ ಕಳೆದವಳು. ಕುದಿವ ನೀರಿನಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ ಬೆರಳ ಗೆರೆಗಳೇ ಅಳಿಸಿಹೋಗಿದ್ದವು. ಬೆರಳ ಗುರುತು ಓದುವ ಯಂತ್ರಕ್ಕೆ ಅವಳು ಮನುಷ್ಯಳೆಂದೇ ಅನಿಸುತ್ತಿರಲಿಲ್ಲ. ಆಧಾರ್ ಜೋಡಣೆಯಾಗದೆ ಎರಡು ತಿಂಗಳಿಂದ ಪೆನ್ಷನ್ ನಿಂತಿತ್ತು. ಆ ತಿಂಗಳ ಕೊನೆಯೊಳಗೆ ಆಗದಿದ್ದರೆ ಪೆನ್ಷನ್ ಪಟ್ಟಿಯಿಂದ ಹೆಸರೇ ಹೋಗುತ್ತದೆ ಎಂದು ತಾಲ್ಲೂಕು ಕಚೇರಿಯವರು ಹೇಳಿದ್ದರು. ಪೆನ್ಷನ್ ಹೋದರೆ ಮನೆಯ ಕಂತು ಕಟ್ಟಲಾಗದು. ಕಂತು ನಿಂತರೆ ಮನೆಯ ಗತಿಯೇನು? ನೂಲಿನ ಕೆಲಸದ ಕಾಲದಲ್ಲಿ ಅವಳಿದ್ದದ್ದು ನಾಲ್ಕು ಸಂಸಾರ ಹಂಚಿಕೊಂಡ ತಗಡಿನ ಶೆಡ್ಡಿನಲ್ಲಿ. "ಒಳಗಿಂದ ಚಿಲಕ ಹಾಕ್ಕೊಂಡು ನಾನು ಮಲಗಿದ್ದೇ ಈ ಮನೇಲಿ ಕಣೇ" ಎಂದು ಅವಳು ಕವಿತಳಿಗೆ ಒಮ್ಮೆ ಹೇಳಿದ್ದಳು. ಆ ಮಾತು ಕೇಳಿದಂದಿನಿಂದ ಕವಿತಳಿಗೆ ಆ ಚಿಲಕದ್ದೇ ಯೋಚನೆ.

ತಿಂಗಳ ಕೊನೆಯ ದಿನ ಇಬ್ಬರೂ ಬ್ಯಾಂಕಿಗೆ ಹೋದರು. ಲಕ್ಷ್ಮಿದೇವಮ್ಮ ದಾರಿಯುದ್ದಕ್ಕೂ "ಕೂತಿರ್ತೀನಿ ಸಾರ್" ಎಂದು ಹೇಳಿಕೊಳ್ಳುತ್ತ, ಗದರಿಸಿಕೊಳ್ಳಲು ಸಜ್ಜಾಗಿ ಬಂದಿದ್ದಳು. ಆದರೆ ವೆಂಕಟರಾಮಪ್ಪನಿಗೆ ಗೌರಿಬಿದನೂರಿಗೆ ವರ್ಗವಾಗಿತ್ತು. ಅವನ ಜಾಗದಲ್ಲಿ ಸುನೀಲ್‌ಕುಮಾರ್ ಎಂಬ ಹೊಸಬ ಕೂತಿದ್ದ. ಮುದುಕಿಯನ್ನು ಕಂಡವನೇ ಎದ್ದು ನಿಂತ.

"ಬನ್ನಿ ಅಜ್ಜಿ, ಕೂತ್ಕೊಳ್ಳಿ. ಬಿಸಿಲಲ್ಲಿ ಬಂದಿದೀರ, ನೀರು ಕುಡೀತೀರಾ?"

ಲಕ್ಷ್ಮಿದೇವಮ್ಮ ಕವಿತಳ ಕಡೆ ತಿರುಗಿ ಕಣ್ಣಲ್ಲೇ 'ಕಳ್ಳ' ಎಂದಳು.

ಕವಿತಳಿಗೆ ತನ್ನ ತಪ್ಪು ಆಗ ಹೊಳೆಯಿತು. ಲೋಕದ ಗುಮಾಸ್ತೆಗಳ ಗದರಿಕೆಗೆಲ್ಲ ಔಷಧಿ ಅರೆದಿಟ್ಟವಳು, ಒಬ್ಬ ಒಳ್ಳೆಯವನು ಎದುರಾದರೆ ಏನು ಮಾಡಬೇಕೆಂಬುದನ್ನು ಪಾಠಕ್ಕೆ ಸೇರಿಸಿರಲೇ ಇಲ್ಲ.

ಸುನೀಲ್‌ಕುಮಾರ್ ಬೆರಳುಗಳನ್ನು ಒಂದೊಂದಾಗಿ ಒರೆಸಿ ಯಂತ್ರದ ಮೇಲೆ ಇಡಿಸಿದ. ಯಂತ್ರ ಒಪ್ಪಲಿಲ್ಲ. "ಪರವಾಗಿಲ್ಲ ಅಜ್ಜಿ, ಒಟಿಪಿಯಲ್ಲಿ ಮಾಡಿಬಿಡೋಣ. ನಿಮ್ಮ ಫೋನಿಗೆ ಆರು ನಂಬರು ಬಂದಿರುತ್ತೆ, ಸ್ವಲ್ಪ ಹೇಳ್ತೀರಾ?"

ಲಕ್ಷ್ಮಿದೇವಮ್ಮ ಫೋನನ್ನು ಸೆರಗಿನೊಳಗೆ ಸೇರಿಸಿದಳು. "ಏಮಪ್ಪಾ, ನಿಂಗೆ ತಾಯಿ ಇಲ್ವಾ? ನನ್ನಂಥ ಮುದುಕೀನ ದೋಚಕ್ಕೆ ಕುರ್ಚಿ ಹಾಕ್ಕೊಂಡು ಕೂತಿದೀಯ?"

ಸಾಲಿನಲ್ಲಿದ್ದವರೆಲ್ಲ ಇತ್ತ ತಿರುಗಿದರು. ಸುನೀಲ್‌ಕುಮಾರನ ಕಿವಿ ಕೆಂಪಾಯಿತು. "ಅಜ್ಜಿ, ನಾನು ಬ್ಯಾಂಕಿನವನೇ."

"ಬ್ಯಾಂಕಿನೋನಾಗಿದ್ರೆ ಇಷ್ಟೊತ್ತಿಗೆ ಬೈದಿರ್ತಿದ್ದೆ."

ಒಳಗೆ ಮಾತಾಡಬಾರದೆಂಬ ತನ್ನ ನಿಯಮವನ್ನು ಕವಿತ ಮುರಿಯಲೇಬೇಕಾಯಿತು. "ದೊಡ್ಡಮ್ಮ, ಇವರು ನಿಜವಾಗ್ಲೂ ಆಫೀಸರೇ. ಹೇಳು."

ಲಕ್ಷ್ಮಿದೇವಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನೀನು ಕೇಳಿದ್ರೂ ಹೇಳ್ಬೇಡ ಅಂದೋಳು ನೀನೇ ಅಲ್ವೇನೇ? ಈಗ ಚಿತ್ರಾನ್ನಾನೂ ತಂದಿಲ್ಲ."

ಅಷ್ಟರಲ್ಲಿ ಬಂದಿದ್ದ ನಂಬರಿನ ಗಡುವು ಮುಗಿಯಿತು. ಸುನೀಲ್‌ಕುಮಾರ್ ಹೊಸದಾಗಿ ಕಳಿಸಲು ಒತ್ತಿ ಮೆಲ್ಲಗೆ ಅಂದ, "ಮೇಡಂ, ಇದೂ ಹೋದ್ರೆ ಇವತ್ತು ಮತ್ತೆ ಕಳಿಸಕ್ಕಾಗುತ್ತೋ ಇಲ್ವೋ. ನೀವೇ ಫೋನ್ ತಗೊಂಡು ನೋಡಿ ಹೇಳ್ಬಿಡಿ."

ಅದು ಸುಲಭವಿತ್ತು. ಮುದುಕಿಯ ಕೈಯಿಂದ ಫೋನು ಕಿತ್ತುಕೊಳ್ಳಲು ಎಷ್ಟು ಬಲ ಬೇಕು? ಕವಿತಳ ಕೈ ಮುಂದೆ ಹೋಗಿತ್ತು ಕೂಡ. ಆದರೆ ಲಕ್ಷ್ಮಿದೇವಮ್ಮ ಎರಡೂ ಕೈಯಲ್ಲಿ ಸೆರಗು ಅವುಚಿಕೊಂಡು ಕೂತ ಬಗೆ ನೋಡಿ ನಿಂತಳು. ಇವತ್ತು ತಾನು ಕಿತ್ತುಕೊಂಡರೆ, ಕಿತ್ತುಕೊಳ್ಳಬಹುದು ಎಂದು ಕಲಿಸಿದಂತೆ. ನಾಳೆ ಯಾರೋ ಫೋನು ಮಾಡಿ "ಕವಿತಕ್ಕ ಹೇಳಿದ್ರು" ಎಂದರೆ ಇವಳು ಕೊಟ್ಟುಬಿಡುತ್ತಾಳೆ. ಆದರೆ ಇವತ್ತು ನಂಬರು ಕೊಡದಿದ್ದರೆ ಮನೆ ಹೋಗುತ್ತದೆ. ಒಂದು ಗಳಿಗೆ ಕವಿತಳಿಗೆ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚೇ ಮೇಲೆನಿಸಿತು.

ಲಕ್ಷ್ಮಿದೇವಮ್ಮನಿಗೆ ಅಕ್ಷರ ಬಾರದು. ಆದರೆ ನಗರಗೆರೆಯಲ್ಲಿರುವ ತಂಗಿಗೆ ದಿನವೂ ತಾನೇ ನಂಬರು ಒತ್ತಿ ಫೋನು ಮಾಡಿ ಜಗಳವಾಡುತ್ತಾಳೆ. ಅದು ಹೊಳೆದದ್ದೇ ತಡ ಕವಿತ ಸುನೀಲ್‌ಕುಮಾರನಿಗೆ ಹೇಳಿದಳು, "ಸಾರ್, ಆ ಕೀಬೋರ್ಡು ಇತ್ಲಾಗೆ ತಿರುಗ್ಸಿ ಕೊಡ್ತೀರಾ? ದೊಡ್ಡಮ್ಮ, ನೀನು ಯಾರಿಗೂ ಹೇಳ್ಬೇಡ. ನಂಗೂ ಬೇಡ, ಅವರಿಗೂ ಬೇಡ. ತಂಗಿಗೆ ಒತ್ತಲ್ವಾ, ಹಂಗೆ ನೀನೇ ಒತ್ತು."

"ಅವನು ನೋಡ್ತಾನೆ."

"ನೋಡಲ್ಲ ಅಜ್ಜಿ" ಎಂದು ಸುನೀಲ್‌ಕುಮಾರ್ ಕುರ್ಚಿಯನ್ನೇ ಗೋಡೆಯ ಕಡೆಗೆ ತಿರುಗಿಸಿಕೊಂಡ.

"ಇವರೆಲ್ಲ?"

ಸಾಲಿನಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಚಿಂತಾಮಣಿ ಕಡೆಯ ಟೊಮೆಟೊ ವ್ಯಾಪಾರಿಯೊಬ್ಬ ಬೆನ್ನು ತಿರುಗಿಸಿದ. ಅವನ ಹಿಂದೆ ಉಳಿದವರೂ ತಿರುಗಿದರು. ಬಾಗಿಲ ಬಳಿಯಿದ್ದ ಗಾರ್ಡು ಸಹ ಬಂದೂಕಿನ ಸಮೇತ ಬೀದಿಯ ಕಡೆ ಮುಖ ಮಾಡಿದ. ಆ ಗಳಿಗೆಯಲ್ಲಿ ನಿಜವಾದ ಕಳ್ಳ ಬಂದಿದ್ದರೆ ಅವನನ್ನು ನೋಡುವವರೇ ಇರಲಿಲ್ಲ.

ಕವಿತಳೂ ಗೋಡೆಗೆ ಮುಖ ಹಾಕಿ ನಿಂತಳು. ಹಿಂದೆ ಒಂದು ಕೀಲಿಯ ಸದ್ದು. ತುಂಬ ಹೊತ್ತಿನ ಮೇಲೆ ಇನ್ನೊಂದು. ನಡುವೆ "ಇದು ಆರೋ ಒಂಬತ್ತೋ" ಎಂಬ ಗೊಣಗು. ತಿರುಗಿ ನೋಡಬೇಕೆಂಬ ಆಸೆಯನ್ನು ಕವಿತ ಹಲ್ಲು ಕಚ್ಚಿ ತಡೆದಳು.

"ಆಯ್ತು. ತಿರುಗ್ರಪ್ಪಾ ಎಲ್ಲಾರೂ."

ಸುನೀಲ್‌ಕುಮಾರ್ ತಿರುಗಿ ಪರದೆ ನೋಡಿದ. ಬಳಿಕ ಲಕ್ಷ್ಮಿದೇವಮ್ಮನಿಗೆ ಕೈ ಮುಗಿದು, "ಜೋಡಣೆ ಆಯ್ತು ಅಜ್ಜಿ. ಇನ್ನು ಯಾರೂ ನಿಮ್ಮ ಹೆಸರು ತೆಗೆಯಲ್ಲ" ಎಂದ.

ಲಕ್ಷ್ಮಿದೇವಮ್ಮ ಆಗ ನೀರು ಕೇಳಿ ಕುಡಿದಳು. ಕವಿತ ಗೋಡೆಯ ಕಡೆಗೇ ನಿಂತು ಮೂಗು ಒರೆಸಿಕೊಳ್ಳುತ್ತಿದ್ದಳು. ಧೂಳು ಎಂದು ಆಮೇಲೆ ಗಂಡನಿಗೆ ಹೇಳಿದಳಂತೆ.

ಕೆಲವು ದಿನಗಳ ಮೇಲೆ ಲಕ್ಷ್ಮಿದೇವಮ್ಮ ಕವಿತಳ ಮನೆಗೆ ಬಂದಳು. ನಿಂತಿದ್ದ ಪೆನ್ಷನ್ ಖಾತೆಗೆ ಬಿದ್ದಿತ್ತು. ಮನೆಯ ಕಂತು ಕಟ್ಟಿ ಆಗಿತ್ತು. ತಂದಿದ್ದ ಬ್ಲೌಸಿನ ಬಟ್ಟೆಯನ್ನು ಹೊಲಿಗೆ ಯಂತ್ರದ ಮೇಲಿಟ್ಟು, "ಇದಕ್ಕೊಂದು ಒಳಜೇಬು ಇಡು, ಪಾಸ್‌ಬುಕ್ಕು ಹಿಡಿಯೋ ಅಷ್ಟು" ಎಂದಳು.

"ಇಡ್ತೀನಿ ದೊಡ್ಡಮ್ಮ. ಒಟ್ಟು ಎಷ್ಟು ಬಂತು?" ಕವಿತ ಅಳತೆಯ ಟೇಪು ಹುಡುಕುತ್ತ ಕೇಳಿದಳು.

"ಯಾಕೆ? ಅದೆಲ್ಲ ನಿಂಗ್ಯಾಕೆ?"

"ಏನಿಲ್ಲಪ್ಪ" ಎಂದು ಕವಿತ ಅಳತೆ ತೆಗೆದುಕೊಂಡಳು.