ಹರಗೋಲಿನ ಗೌಡಕಿ

ಹರಗೋಲಿಗೆ ಹಿಂದೆ ಮುಂದೆ ಎಂಬುದಿಲ್ಲ. ಬಿದಿರಿನಿಂದ ಹೆಣೆದ ದುಂಡನೆಯ ದೊಡ್ಡ ಬುಟ್ಟಿ, ಅದರ ಹೊರಮೈಗೆ ಬಿಗಿದು ಹೊಲಿದ ಎಮ್ಮೆಯ ತೊಗಲು, ಅಷ್ಟೇ. ನಿಂತ ನೀರಿನಲ್ಲಿ ಅದು ಹೇಳಿದ ಮಾತು ಕೇಳುತ್ತದೆ. ತುಂಗಭದ್ರೆಯ ಬಂಡೆಗಳ ನಡುವಿನ ಸೆಳವಿಗೆ ಬಿತ್ತೆಂದರೆ ಬುಗುರಿಯ ಹಾಗೆ ತಿರುಗುತ್ತದೆ. ಈಗ ಮುಂದಿದ್ದವನು ಮರುಗಳಿಗೆಯಲ್ಲಿ ಹಿಂದೆ. ಅದಕ್ಕೇ ನಾವು ನಾಲ್ವರು ಗೆಳೆಯರು ಒಂದು ಕಟ್ಟಳೆ ಮಾಡಿಕೊಂಡಿದ್ದೆವು. ತಿರುಗುವ ಹರಗೋಲಿನಲ್ಲಿ ಯಾರ ಮುಖ ಇಳಿಜಾರಿನ ನೀರಿನ ಕಡೆಗೆ ಬರುತ್ತದೋ, ಅಷ್ಟು ಹೊತ್ತು ಅವನೇ ಗೌಡ. ಅವನು ಬಂಡೆ ಕಂಡು ದಿಕ್ಕು ಕೂಗಬೇಕು. ಉಳಿದ ಮೂವರು ಕುತ್ತಿಗೆ ಹೊರಳಿಸದೆ, ಯಾಕೆ ಏನು ಎಂದು ಕೇಳದೆ, ಕೂಗಿದ ಕಡೆಗೆ ಹುಟ್ಟು ಹಾಕಬೇಕು. ತಿರುಗಿ ನೋಡಿದವನಿಗೆ ಆ ದಿನದ ಬುತ್ತಿಯಲ್ಲಿ ಶೇಂಗಾ ಚಟ್ನಿ ಇಲ್ಲ.

ಕೂಗುವುದಾದರೂ ಹೇಗೆ? ಎಡ, ಬಲ ಎಂದರೆ ನಡೆಯದು. ಬೆನ್ನು ಒಳಗೆ, ಮುಖ ಹೊರಗೆ ಮಾಡಿ ಒಂದು ಮೊಣಕಾಲೂರಿ ಕೂತ ನಾಲ್ವರ ಎಡಗೈ ನಾಲ್ಕು ದಿಕ್ಕಿಗಿರುತ್ತದೆ. ಅದಕ್ಕೆ ದಂಡೆಗಳ ಹೆಸರು ಹಿಡಿದೆವು. ಆಗ ಹೊಳೆಯ ಈಚೆ ದಂಡೆ ನಿಜಾಮರದು, ಜನರ ಬಾಯಲ್ಲಿ ಮೊಗಲಾಯಿ. ಆಚೆ ದಂಡೆ ಬ್ರಿಟಿಷರದು. ಕಂಪನಿ ಸರ್ಕಾರ ಹೋಗಿ ಎಷ್ಟೋ ಕಾಲವಾಗಿದ್ದರೂ ನಮ್ಮ ಮುದುಕರಿಗೆ ಅದು ಕುಂಪಣಿಯೇ. ಬಂಡೆ ಆಚೆಗಿದ್ದರೆ ಗೌಡ ‘ಮೊಗಲಾಯಿ’ ಎಂದು ಕೂಗುತ್ತಿದ್ದ, ಈಚೆಗಿದ್ದರೆ ‘ಕುಂಪಣಿ’ ಎಂದು. ಆ ಕಾಲದಲ್ಲಿ ದೊಡ್ಡವರು ಈ ಎರಡು ಮಾತಿನ ಮೇಲೆ ಜಗಳವಾಡುತ್ತಿದ್ದರು. ನಾವು ಬದುಕಿ ಉಳಿಯುತ್ತಿದ್ದೆವು.

ನಾನು ಕೊಪ್ಪಳದ ಅರಿವೆ ಅಂಗಡಿಯವರ ಮಗ. ನಮ್ಮ ಓಣಿಯ ಹಕೀಮರ ಮಗ ನನ್ನ ಸಾಲಿಯ ಗೆಳೆಯ. ಉರ್ದು ಪಾಠಗಳನ್ನು ಅವನು ನನಗೆ ಬಾಯಿಪಾಠ ಮಾಡಿಸಿದ್ದ, ಗುಡ್ಡದ ಹಿಂದಿನ ಬಾವಿಯಲ್ಲಿ ನಾನು ಅವನಿಗೆ ಈಜು ಕಲಿಸಿದ್ದೆ. ಮೂರನೆಯವನು ಗಂಗಾವತಿಯ ಅಕ್ಕಿ ವ್ಯಾಪಾರಿಯ ಮಗ. ಹರಗೋಲನ್ನು ಬೋರಲಾಗಿ ಹೊತ್ತು ತರುತ್ತಿದ್ದ ಬಂಡಿ ಅವನ ಮನೆಯದೇ. ನಾಲ್ಕನೆಯವನು ಯಲಬುರ್ಗಾದವನು, ಕಚೇರಿಯಲ್ಲಿ ಗುಮಾಸ್ತ, ಮಾತು ಒರಟು, ತೋಳು ಅದಕ್ಕಿಂತ ಒರಟು. ಮಳೆಗಾಲ ಮುಗಿದು ಹೊಳೆ ಇಳಿಯತೊಡಗಿದಾಗ ಗಿಣಿಗೇರಾ ದಾಟಿ ರೈಲಿನಲ್ಲಿ ಹುಲಿಗಿಗೆ ಹೋಗುವುದು, ಹುಲಿಗೆಮ್ಮನ ಭಂಡಾರ ಹಣೆಗೆ ಹಚ್ಚಿಕೊಂಡು ಹರಗೋಲು ಇಳಿಸುವುದು, ಬಂಡೆಗಳ ನಡುವೆ ಹಾಯುತ್ತ ಆನೆಗೊಂದಿ ಸೇರುವುದು. ಪ್ರತಿ ವರ್ಷವೂ ಇದೇ. ಮನೆಯಲ್ಲಿ ಮಾತ್ರ ಹುಲಿಗೆಮ್ಮನ ದರ್ಶನಕ್ಕೆ ಹೋಗಿದ್ದೇವೆ ಎಂದೇ ಲೆಕ್ಕ. ಎಮ್ಮೆಯ ತೊಗಲಿನಲ್ಲಿ ಕೂತು ಬರುವ ಮಗನನ್ನು ನಮ್ಮ ಅವ್ವ ಸ್ನಾನ ಮಾಡಿಸದೆ ಹೊಸ್ತಿಲು ದಾಟಿಸುತ್ತಿರಲಿಲ್ಲ.

ದಾರಿಯಲ್ಲಿ ಒಂದು ಕಡೆ ಇಡೀ ಹೊಳೆ ಎರಡು ಬಂಡೆಗಳ ನಡುವೆ ನುಗ್ಗಿ ಧಡಲ್ಲನೆ ಕೆಳಕ್ಕೆ ಬೀಳುತ್ತದೆ. ಅಲ್ಲಿನ ಗದ್ದಲ ಕೇಳಿ ಗಂಗಾವತಿಯವನು ಅದಕ್ಕೆ ‘ಅತ್ತಿಬಾಯಿ’ ಎಂದು ಹೆಸರಿಟ್ಟಿದ್ದ. ಅವನಿಗೆ ಆಗಷ್ಟೇ ಮದುವೆಯಾಗಿತ್ತು. ಅತ್ತಿಬಾಯಿಯಲ್ಲಿ ಯಾರ ಮುಖ ಕೆಳಕ್ಕೆ ಬರುತ್ತದೋ ಅವನು ವರ್ಷವಿಡೀ ಗೌಡ ಎನ್ನಿಸಿಕೊಳ್ಳುತ್ತಿದ್ದ. ಅದು ನಸೀಬಿನ ಮಾತು. ಆದರೆ ಮೂರು ವರ್ಷ ಒಂದೇ ಸಮನೆ ಆ ನಸೀಬು ನನಗೇ ಬಂತು. ಮೂರೂ ಸಲ ನಾನು ಕೂಗಿದೆ, ಮೂರೂ ಸಲ ಹರಗೋಲು ಒಂದು ಗೀರೂ ಬೀಳದೆ ಕೆಳಗಿನ ಮಡುವಿಗೆ ಇಳಿಯಿತು. ಕೊಪ್ಪಳದ ಪೇಟೆಯಲ್ಲಿ ಗೆಳೆಯರು ನನ್ನನ್ನು ‘ಗೌಡ್ರ’ ಎಂದೇ ಕರೆಯತೊಡಗಿದರು. ಅಂಗಡಿಯಲ್ಲಿ ನಾನು ಅಪ್ಪನ ಮಾತಿಗೆ ತಲೆಯಾಡಿಸಿ ಗಜಕಡ್ಡಿ ಹಿಡಿಯುವವನು, ಅಷ್ಟೇ. ನನ್ನ ಮಾತಿಗೆ ಮೂರು ಜನ ತಮ್ಮ ಜೀವ ಒಪ್ಪಿಸುತ್ತಾರೆ ಎಂಬುದು ಹೊಳೆಯಲ್ಲಿ ಮಾತ್ರ ಇತ್ತು. ಆ ಒಂದು ದಿನದ ಗೌಡಕಿಯ ಸೊಕ್ಕು ನನಗೆ ವರ್ಷಕ್ಕೆ ಸಾಲುತ್ತಿತ್ತು.

ಹಕೀಮರ ಮಗನಿಗೆ ಒಂದು ಚಾಳಿಯಿತ್ತು. ಸೆಳವು ಜೋರಾದಾಗ ಹಿಮ್ಮಡದಿಂದ ಹರಗೋಲಿನ ತಳ ಬಡಿಯುತ್ತಿದ್ದ. ತೊಗಲಿನ ತಳವಲ್ಲವೇ, ನೀರಿನ ಗದ್ದಲದಲ್ಲೂ ಅದು ಕಿವಿಗಲ್ಲದಿದ್ದರೆ ಮೊಣಕಾಲಿಗಾದರೂ ತಿಳಿಯುತ್ತಿತ್ತು. “ಯಾವ ಮಜಲಿಸಿನ್ಯಾಗ ತಬಲಾ ಬಾರಸಾಕ ಹೊಂಟೀಪಾ?” ಎಂದು ನಾನು ಕಾಡಿಸುತ್ತಿದ್ದೆ. ಅವನು ನಗುತ್ತಿದ್ದ. ಇನ್ನೊಂದು, ಅವನು ಯಾವಾಗಲೂ ನನ್ನ ಎಡಮಗ್ಗುಲಿಗೇ ಕೂಡುತ್ತಿದ್ದ. ಆ ಜಾಗ ಬೇರೆಯವರು ಹಿಡಿದರೆ ಎಬ್ಬಿಸುತ್ತಿದ್ದ. ಅದನ್ನು ನಾನು ಗೆಳೆತನ ಎಂದುಕೊಂಡಿದ್ದೆ.

ಯುದ್ಧ ಶುರುವಾಗಿ ಸೀಮೆಎಣ್ಣೆಗೆ ಪರದಾಟ ಬಂದ ವರ್ಷ ಗಂಗಾವತಿಯವನು ಚಳಿಜ್ವರದಿಂದ ಮಲಗಿಬಿಟ್ಟ. ಬಂಡಿ ಕಳಿಸಿದ, ತಾನು ಬರಲಿಲ್ಲ. ಮೂವರೇ ಕೂತರೆ ಹರಗೋಲು ಒಂದು ಕಡೆ ವಾಲುತ್ತದೆ. ಅದಕ್ಕೆ ಯಲಬುರ್ಗಾದವನು ತನ್ನ ಚಿಕ್ಕಪ್ಪನ ಮಗನನ್ನು ಕರೆತಂದ. ಕುಷ್ಟಗಿಯಲ್ಲಿ ಸಾಲಿ ಮಾಸ್ತರ, ಪಾಪದ ಮನುಷ್ಯ. ಏನು ಹೇಳಿದರೂ ಎರಡು ಸಲ ಕೇಳಿ ತಿಳಿದುಕೊಂಡು ತಪ್ಪದೆ ಮಾಡುವವನು. ಹುಲಿಗಿಯ ದಂಡೆಯಲ್ಲಿ ನಾನೇ ಅವನಿಗೆ ಕಟ್ಟಳೆ ಕಲಿಸಿದೆ. “ಗೌಡ ಕೂಗಿದ ಕಡೆಗೆ ಹಾಕೂದು, ಹಿಂದ ನೋಡಾಂಗಿಲ್ಲ, ಅಷ್ಟ ಅಲ್ರಿ?” ಎಂದ. ಅಷ್ಟೇ ಎಂದೆ.

ಅತ್ತಿಬಾಯಿಗೆ ಬಂದಾಗ ಹರಗೋಲು ಎರಡು ಸುತ್ತು ಸುತ್ತಿ ನನ್ನ ಮುಖವನ್ನೇ ಕೆಳಗಿನ ನೀರಿಗೆ ತಂದು ನಿಲ್ಲಿಸಿತು. ನಾಲ್ಕನೆಯ ಸಲವೂ ನಾನೇ! ಎದೆ ಉಬ್ಬಿತು. ಎದುರಿಗೆ, ಈಚೆ ದಂಡೆಯ ಕಡೆ, ಕರಿದಾದ ದೊಡ್ಡದೊಂದು ಕಂಡಿತು. ಬಂಡೆಯೇ ಸರಿ ಎಂದು ಗಂಟಲು ಹರಿಯುವಂತೆ “ಕುಂಪಣೀ!” ಎಂದು ಕೂಗಿದೆ. ಮೊಣಕಾಲ ಕೆಳಗೆ ಧಬ್ ಎಂದು ಒಂದು ಪೆಟ್ಟು ಕೇಳಿಸಿತು. ಮಾಸ್ತರ ಮೈಯೆಲ್ಲ ಬಗ್ಗಿಸಿ ಕುಂಪಣಿಯ ಕಡೆ ಹುಟ್ಟು ಹಾಕಿದ. ಉಳಿದಿಬ್ಬರು ಅಷ್ಟೇ ಜೋರಾಗಿ ಮೊಗಲಾಯಿಯ ಕಡೆ ಹಾಕಿದರು. ಹರಗೋಲು ಎತ್ತ ಹೋಗಬೇಕು? ಅಡ್ಡಡ್ಡ ತಿರುಗಿ ನಡುಬಂಡೆಗೆ ಹೋಗಿ ಒರಸಿತು. ತೊಗಲು ಚರ್ರನೆ ಹರಿಯಿತು. ಬುತ್ತಿಗಂಟು, ಚರಿಗೆ, ನಾವು ಎಲ್ಲರೂ ನೀರಿಗೆ ಬಿದ್ದೆವು.

ಕೆಳಗಿನ ಮಡುವಿನಲ್ಲಿ ಈಜಿ ಒಂದು ಹಾಸುಬಂಡೆ ಹತ್ತಿದೆವು. ಮೊಣಕೈ ತರಚಿದ್ದು ಬಿಟ್ಟರೆ ಯಾರಿಗೂ ಏನೂ ಆಗಿರಲಿಲ್ಲ. ಮಾಸ್ತರ ಕೆಮ್ಮಿ ಕೆಮ್ಮಿ ನೀರು ಉಗುಳಿ, ಮಾತು ಬಂದ ಕೂಡಲೇ ಅಣ್ಣನ ಮೇಲೆ ಹರಿಹಾಯ್ದ.

“ಗೌಡ ಕುಂಪಣಿ ಅಂದ್ರು. ನೀವಿಬ್ರು ಮೊಗಲಾಯಿಗೆ ಯಾಕ ಹಾಕಿದ್ರಿ?”

ಯಲಬುರ್ಗಾದವನ ಏದುಸಿರು ಇನ್ನೂ ನಿಂತಿರಲಿಲ್ಲ. ಆ ಉಬ್ಬಸದಲ್ಲೇ ಅಂದುಬಿಟ್ಟ: “ಇವನ ಮಾತಿಗೆ ಯಾರ್ ಹಾಕ್ತಾರಲೇ? ಹಿಮ್ಮಡ ಒಮ್ಮೆ ಬಡದ್ರ ಮೊಗಲಾಯಿ, ಎರಡು ಸಲ ಬಡದ್ರ ಕುಂಪಣಿ. ಅಯ್ಯ, ನಿನಗ ಹೇಳೂದ ಮರತೆ ನೋಡು!”

ಹೇಳಿದ ಮೇಲೆ ನಾನು ಅಲ್ಲೇ ಕೂತಿದ್ದೇನೆ ಎಂದು ಅವನಿಗೆ ಹೊಳೆಯಿತು. ಹಕೀಮರ ಮಗ ತಲೆ ತಗ್ಗಿಸಿ ಅಂಗಿ ಹಿಂಡುತ್ತಿದ್ದ. ಹಿಂಡಲು ಅದರಲ್ಲಿ ನೀರೇ ಉಳಿದಿರಲಿಲ್ಲ, ಆದರೂ ಹಿಂಡುತ್ತಿದ್ದ.

“ಎಂದಿನಿಂದ?” ಎಂದು ಕೇಳಿದೆ.

“ಆ ಎಮ್ಮಿ ದಿನದಿಂದ,” ಎಂದ, ಮುಖ ಎತ್ತದೆ.

ಎಮ್ಮೆಯ ದಿನ ನನಗೂ ನೆನಪಿತ್ತು. ಹುಲಿಗಿಯ ಕೆಳಗೆ ನೀರಿನಲ್ಲಿ ಮಲಗಿದ್ದ ಎಮ್ಮೆಯೊಂದನ್ನು ನಾನು ಬಂಡೆ ಎಂದು ಕೂಗಿದ್ದೆ. ಅದು ಎದ್ದು ಬಾಲ ಬೀಸಿಕೊಂಡು ಹೋಗಿತ್ತು. ಎಲ್ಲರೂ ಹೊಟ್ಟೆ ಹಿಡಿದು ನಕ್ಕಿದ್ದರು, ಎಲ್ಲರಿಗಿಂತ ಜೋರಾಗಿ ನಾನೇ ನಕ್ಕಿದ್ದೆ. ಆದರೆ ಹಕೀಮರ ಮಗ ಅವತ್ತು ಬುತ್ತಿ ಬಿಚ್ಚುವಾಗ ದೂರದ ಒಂದು ಮರ ತೋರಿಸಿ, ಅದರ ಮೇಲೆ ಎಷ್ಟು ಕೊಕ್ಕರೆ ಕೂತಿವೆ ಹೇಳು ನೋಡೋಣ ಎಂದು ನನ್ನನ್ನು ಆಟಕ್ಕೆಂಬಂತೆ ಕೇಳಿದ್ದ. ನಾನು ಬಾಯಿಗೆ ಬಂದ ಲೆಕ್ಕ ಹೇಳಿದ್ದೆ. ಕಣ್ಣಿನ ಔಷಧಿ ಅರೆಯುವ ಮನೆಯಲ್ಲಿ ಹುಟ್ಟಿದವನು. ನನ್ನ ಕಣ್ಣು ಮಂಜಾಗಿದೆ ಎಂದು ನನಗಿಂತ ಮೊದಲು ಅವನಿಗೆ ತಿಳಿಯಿತು. ಮರುವರ್ಷದಿಂದ ಹಿಮ್ಮಡ ಬಡಿಯತೊಡಗಿತು.

“ನನಗ ಯಾಕ ಹೇಳಲಿಲ್ಲ?”

“ಹೇಳಿದ್ರ ನೀ ಬರೂದ ಬಿಡ್ತಿದ್ದಿ. ನೀ ಇಲ್ಲದ ಏನು ಮಜಾ? ಬ್ಯಾಸರ ಮಾಡ್ಕೋಬ್ಯಾಡೋ, ನಿನ್ನ ಛಲೋಕ್ಕ ಮಾಡಿದ್ವಿ.”

ಯಲಬುರ್ಗಾದವನು ತಪ್ಪು ತಿದ್ದಲು ಹೋಗಿ ಮತ್ತಷ್ಟು ಕೆಡಿಸಿದ. “ನಾಕ ಮಂದಿ ಇರಲಿಲ್ಲಂದ್ರ ತೂಕ ಕೂಡಂಗಿಲ್ಲ ನೋಡು,” ಎಂದ.

ತೂಕ! ಹಾಗಾದರೆ ಒಂದು ಉಸುಕಿನ ಚೀಲ ಕೂಡಿಸಿಕೊಂಡಿದ್ದರೆ ಆಗುತ್ತಿತ್ತಲ್ಲ. ಅದು ಕೂಗುತ್ತಲೂ ಇರಲಿಲ್ಲ. ಸಿಟ್ಟು ನೆತ್ತಿಗೇರಿತು. ನಾನು ಬೈದ ಬೈಗುಳ ಕೇಳಿ ಕುಷ್ಟಗಿಯ ಮಾಸ್ತರ ಎದ್ದು ಬಂಡೆಯ ಆ ತುದಿಗೆ ಹೋಗಿ ಕೂತ. ಹರಗೋಲಿನಿಂದ ಇಳಿಸಿದ್ದರೆ, ಮುಖದ ಮೇಲೆ ಕುರುಡ ಎಂದಿದ್ದರೆ, ಒಂದು ತಿಂಗಳು ಮಾತು ಬಿಟ್ಟು ಆಮೇಲೆ ಸರಿಹೋಗುತ್ತಿದ್ದೆ. ಇವರು ನನ್ನನ್ನು ಪೇಟೆಯ ನಡುವೆ ಗೌಡ್ರ ಎಂದು ಕರೆದರು. ನಾನು ಮೀಸೆ ತಿರುವಿದೆ. ಆಗೆಲ್ಲ ಇವರು ಒಬ್ಬರ ಮುಖ ಒಬ್ಬರು ನೋಡಿಕೊಂಡಿರಬೇಕಲ್ಲ? ಅದನ್ನು ನೆನೆದರೆ ಈಗಲೂ, ಈ ವಯಸ್ಸಿನಲ್ಲೂ, ಕಿವಿ ಬಿಸಿಯಾಗುತ್ತದೆ. ನನ್ನ ಎಡಮಗ್ಗುಲಿಗೆ ಅವನು ಕೂತದ್ದು ನನಗಾಗಿಯಲ್ಲ, ಅಲ್ಲಿಂದ ಕುತ್ತಿಗೆ ಚಾಚಿದರೆ ಕೆಳಗಿನ ನೀರು ಕಾಣುತ್ತದೆ ಎಂದು. ಚಟ್ನಿಯ ಕಟ್ಟಳೆ ಮುರಿದವರಲ್ಲಿ ಅವನೇ ಮೊದಲಿಗ, ಆದರೂ ಪ್ರತಿ ವರ್ಷ ನನ್ನ ಅವ್ವ ಕಟ್ಟಿಕೊಟ್ಟ ಚಟ್ನಿಯನ್ನು ಚಪ್ಪರಿಸಿ ತಿಂದ.

ಆ ಚಳಿಗಾಲ ಅವನ ಮನೆಯ ಮುಂದೆ ಹಾಯಲಿಲ್ಲ. ಬಳ್ಳಾರಿಗೆ ಹೋಗಿ ಕಣ್ಣು ತೋರಿಸಿ ಕನ್ನಡಕ ಹಾಕಿಸಿಕೊಂಡು ಬಂದೆ. ಕೊಪ್ಪಳದ ಕೋಟೆಯ ಮೆಟ್ಟಿಲುಗಳು ನಮ್ಮ ಅಂಗಡಿಯ ಕಟ್ಟೆಯಿಂದಲೇ ಕಾಣುತ್ತವೆ ಎಂಬುದು ಆಗ ಗೊತ್ತಾಯಿತು. ಖುಷಿಯಾಗಬೇಕಿತ್ತು. ಇಷ್ಟು ವರ್ಷ ಕಾಣದೆ ಉಳಿಸಿದರಲ್ಲ ಎಂದು ಮತ್ತೆ ಸಿಟ್ಟೇ ಬಂತು. ಮರುವರ್ಷ ಹೊಳೆ ಇಳಿಯುವ ಹೊತ್ತಿಗೆ ಹಕೀಮರ ಮಗ ಅಂಗಡಿಗೇ ಬಂದ. ನನ್ನ ಕನ್ನಡಕ ನೋಡಿದ. ಅವನ ಕಣ್ಣಲ್ಲಿ ನೀರಾಡಿತು.

“ಹರಗೋಲಕ್ಕ ಹೊಸ ತೊಗಲು ಹಾಕಿಸೇವಿ. ಗಂಗಾವತಿಯವಂಗೂ ಆರಾಮಾಗೇತಿ. ನಡಿ. ಇನ್ನ ಮ್ಯಾಲ ನಿನ್ನ ಮಾತ ಮಾತು. ಅಲ್ಲಾನ ಆಣಿ, ಹಿಮ್ಮಡ ಎತ್ತಿದ್ರ ಕೇಳು.”

ಉಳಿದಿಬ್ಬರು ಹುಲಿಗೆಮ್ಮನ ಭಂಡಾರ ಮುಟ್ಟಿ ಅದೇ ಮಾತು ಹೇಳಿದರು. ನನಗೂ ಹೊಳೆಯ ಹುಚ್ಚು ಬಿಟ್ಟಿರಲಿಲ್ಲ. ಹೋದೆ. ಸೆಳವಿನಲ್ಲಿ ಬೀಳದಿರಲೆಂದು ಕನ್ನಡಕವನ್ನು ಪೈಜಾಮದ ಲಾಡಿಯಿಂದ ತಲೆಗೆ ಕಟ್ಟಿಕೊಂಡಿದ್ದೆ. ಅದನ್ನು ಕಂಡು ಅವರು ನಕ್ಕರು, ನಾನೂ ನಕ್ಕೆ. ಹೊಳೆ ಅಷ್ಟು ಚೆಂದ ಎಂದು ಅವತ್ತೇ ತಿಳಿದದ್ದು. ನೀರಿನ ಒಳಗಿನ ಕಲ್ಲು ಕೂಡ ಕಾಣುತ್ತಿತ್ತು.

ಮೊದಲ ಸಣ್ಣ ಇಳಿತದಲ್ಲಿ ನನ್ನ ಸರದಿ ಬಂತು. ಆಚೆ ಬಂಡೆ ಕನ್ನಡಿಯಷ್ಟು ಸ್ಪಷ್ಟ. “ಮೊಗಲಾಯಿ!” ಎಂದೆ. ಹುಟ್ಟುಗಳು ಅಲುಗಲಿಲ್ಲ. ಆಮೇಲೆ ಮೊಣಕಾಲ ಕೆಳಗೆ ಮೆತ್ತಗೆ ಒಂದು ಪೆಟ್ಟು. ಈಗ ಮೂರೂ ಹುಟ್ಟುಗಳು ಒಟ್ಟಿಗೆ ನೀರಿಗೆ ಬಿದ್ದವು. ನಾನು ಹೇಳಿದ ಕಡೆಗೇ ಹಾಕಿದರು ನಿಜ, ಆದರೆ ನಾನು ಹೇಳಿದೆನೆಂದು ಹಾಕಲಿಲ್ಲ. ಎರಡನೆಯ ಇಳಿತದಲ್ಲೂ ಹಾಗೇ ಆಯಿತು. ಜಗಳ ತೆಗೆಯಲಿಲ್ಲ. ಕಾಯ್ದುಕೊಂಡು ಕೂತೆ.

ಅತ್ತಿಬಾಯಿ ಬಂತು. ಹರಗೋಲು ಸುತ್ತಿತು, ನಿಧಾನವಾಯಿತು, ನನ್ನ ಮುಖವನ್ನು ಕೆಳಗಿನ ನೀರಿಗೆ ತಂದಿತು. ಹೋದ ವರ್ಷ ಬಂಡೆ ಎಂದುಕೊಂಡದ್ದು ಒಂದು ದೊಡ್ಡ ಸುಳಿಯ ನೆರಳು. ನಿಜವಾದ ಬಂಡೆ ಅದರ ಪಕ್ಕದಲ್ಲಿ, ಆಚೆ ದಂಡೆಯ ಕಡೆ, ನೊರೆಯ ಕೆಳಗಿತ್ತು. ಎಲ್ಲ ಕಾಣುತ್ತಿತ್ತು. ಮೊಗಲಾಯಿ ಎಂದು ಕೂಗಬೇಕು. ನಾನು ತುಟಿ ಬಿಗಿದು ಹುಟ್ಟನ್ನು ಮಡಿಲಲ್ಲಿ ಇಟ್ಟುಕೊಂಡೆ. ಧಬ್ ಎಂದಿತು ಹಿಮ್ಮಡ. ಮೂವರೂ ಹಾಕಿದರು. ಹರಗೋಲು ಬೆಣ್ಣೆಯಲ್ಲಿ ಬೆರಳಿಟ್ಟ ಹಾಗೆ ಜಾರಿ ಮಡುವಿಗೆ ಇಳಿಯಿತು.

ಕೇಕೆ ಹೊಡೆದರು. ಹಕೀಮರ ಮಗ ನನ್ನನ್ನು ಅಪ್ಪಿಕೊಂಡ, ಗಂಗಾವತಿಯವನು ಬೆನ್ನಿಗೆ ಗುದ್ದಿದ. ಯಲಬುರ್ಗಾದವನು ಹುಟ್ಟು ಮೇಲೆತ್ತಿ ಅರಚಿದ: “ಶಾಬಾಸ್ ಗೌಡ್ರ! ಏನ್ ಕೂಗಿದ್ರೀ! ಕುಂಪಣಿ ದಂಡಿಗೆ ಕೇಳಿಸಿರಬೇಕು!”

ಕನ್ನಡಕದ ನೀರು ಒರೆಸಿಕೊಂಡು ಮೂವರ ಮುಖವನ್ನೂ ಒಂದೊಂದಾಗಿ ನೋಡಿದೆ. ಅವರು ಅಣಕಿಸುತ್ತಿರಲಿಲ್ಲ. ನಾನು ಕೂಗಿದೆನೆಂದೇ ನಂಬಿದ್ದರು.