ಟ್ರಾನ್ಸ್‌ಫರ್ರೋ ಟ್ರಾನ್ಸ್‌ಫಾರ್ಮರ್ರೋ

ಆ ವರ್ಷ ನಮ್ಮ ಮನೆಯಲ್ಲಿ ಎಲ್ಲರ ಬಾಯಲ್ಲೂ 'ಟ್ರಾನ್ಸ್' ಎಂದು ಶುರುವಾಗುವ ಒಂದೊಂದು ಇಂಗ್ಲಿಷ್ ಶಬ್ದವಿತ್ತು. ನಾನು ರಾಮದುರ್ಗ ತಾಲ್ಲೂಕಿನ ಕಟಕೋಳದ ಹತ್ತಿರ ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಗಂಡನ ಮನೆ ಎಂ.ಕೆ. ಹುಬ್ಬಳ್ಳಿ ಪಕ್ಕದ ಹಳ್ಳಿಯಲ್ಲಿ. ಶನಿವಾರ ಮಧ್ಯಾಹ್ನ ಸವದತ್ತಿಯಲ್ಲೊಮ್ಮೆ, ಬೈಲಹೊಂಗಲದಲ್ಲೊಮ್ಮೆ ಬಸ್ಸು ಬದಲಿಸಿ ಊರು ಸೇರಿದರೆ, ಸೋಮವಾರ ನಸುಕಿನಲ್ಲೇ ಮತ್ತೆ ಬ್ಯಾಗು ಹೆಗಲಿಗೆ. ಹಾಗಾಗಿ ನನ್ನ ಶಬ್ದ ಟ್ರಾನ್ಸ್‌ಫರ್. ನನ್ನ ಗಂಡ ಕಾರ್ಖಾನೆಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಓಡಿಸುತ್ತಾರೆ; ಅವರದು ಟ್ರಾನ್ಸ್‌ಪೋರ್ಟ್.

ಮಾವನವರದು ಟ್ರಾನ್ಸ್‌ಫಾರ್ಮರ್. ಹೊಲದ ಬದುವಿನ ಮೇಲಿದ್ದದ್ದು ಸುಟ್ಟುಹೋಗಿ, ಬೋರಿನ ಮೋಟರು ಬಾಯಿ ಮುಚ್ಚಿಕೊಂಡು ಕುಳಿತಿತ್ತು. ಊರವರೆಲ್ಲ ಅದನ್ನು ಟಿಸಿ ಎನ್ನುತ್ತಾರೆ. ಮಾವನವರು ಮಾತ್ರ ಕರೆಂಟ್ ಆಫೀಸಿಗೆ ಅಲೆದೂ ಅಲೆದೂ ಅಲ್ಲಿನವರ ಉದ್ದನೆಯ ಹೆಸರನ್ನೇ ರೂಢಿ ಮಾಡಿಕೊಂಡಿದ್ದರು. ಹಾಗೆ ಹೇಳಿದರೆ ಕೆಲಸ ಬೇಗ ಆಗುತ್ತದೆಂದು ಅವರ ನಂಬಿಕೆ.

ಒಂದು ಭಾನುವಾರ ಅತ್ತೆಯವರೂ ನಾನೂ ಸೀರೆ ಕೊಳ್ಳಲು ಬೈಲಹೊಂಗಲಕ್ಕೆ ಹೋಗಿದ್ದೆವು. ಚಾರ್ಜಿಗೆ ಹಾಕಿದ್ದ ನನ್ನ ಫೋನು ಮನೆಯಲ್ಲೇ ಉಳಿದಿತ್ತು. ಸಂಜೆ ಬಂದು ನೋಡಿದರೆ ಬಾಗಿಲಿಗೆ ಬೀಗ. ಪಕ್ಕದ ಮನೆಯಾಕೆ ಕಟ್ಟೆಯ ಮೇಲೆ ಕುಳಿತು ಪೇಢೆ ತಿನ್ನುತ್ತಿದ್ದಳು.

"ನಿಮ್ಮ ಮಾವಾರು ಹೊಲಕ್ಕ ಹೋಗ್ಯಾರ್ರಿ. ಟಿಸಿ ಬಂತಂತ. ಇಡೀ ಓಣಿಗೆ ಪೇಢೆ ಹಂಚಿ ಹೋದ್ರು, ನಿಮಗ್ಗೊತ್ತಿಲ್ಲೇನ್ರಿ?"

ಅತ್ತೆಯವರು ಸೀರೆಯ ಚೀಲವನ್ನು ಅವಳ ಮಡಿಲಿಗೇ ಹಾಕಿ ಹೊಲದ ಕಡೆ ತಿರುಗಿದರು. ನಾನೂ ಹಿಂದೆಯೇ ನಡೆದೆ.

ಅಲ್ಲಿ ಸುಟ್ಟ ಟಿಸಿಯ ಕಂಬದ ಹತ್ತಿರ ಮಾವನವರು, ಜೊತೆಗೆ ಅದೇ ಲೈನಿನ ನಾಲ್ಕಾರು ರೈತರು ಕುಳಿತಿದ್ದರು. ತೆಂಗಿನಕಾಯಿ, ಊದಿನಕಡ್ಡಿ, ಕುಂಕುಮ ಎಲ್ಲ ತಯಾರು. ರಸ್ತೆಯಲ್ಲಿ ಯಾವ ಗಾಡಿಯ ಸದ್ದಾದರೂ ಎಲ್ಲರೂ ಒಟ್ಟಿಗೆ ಎದ್ದು ನಿಲ್ಲುವರು, ಅದು ಕಬ್ಬಿನ ಗಾಡಿ ಎಂದು ತಿಳಿದು ಮತ್ತೆ ಕುಳಿತುಕೊಳ್ಳುವರು.

"ಯಾರು ಹೇಳಿದ್ರಿ ಮಾವಾರ?" ಎಂದೆ.

"ನಿನ್ನ ಫೋನಿಗೇ ಬಂದಿತ್ತು ಸುದ್ದಿ. ನಿಮ್ಮ ಸಾಲಿ ಅಕ್ಕಾರು ಮಾತಾಡಿದ್ರು. ಟ್ರಾನ್ಸ್‌ಫಾರ್ಮರ್ ಆತ್ರಿ, ಆರ್ಡರ್ ಬಂತು, ಸಿಹಿ ತಿನಸ್ರಿ ಅಂದ್ರು. ಭಾಳ ಚಲೋ ಹೆಣಮಗಳು."

ಹೊಲದ ಟಿಸಿಯ ಸುದ್ದಿ ನನ್ನ ಶಾಲೆಯ ಗೆಳತಿಗೆ ಹೇಗೆ ಗೊತ್ತು? ಮಾವನವರ ಅಂಗಿಯ ಕಿಸೆಯಿಂದ ಫೋನು ಇಸಿದುಕೊಂಡು ಅವಳಿಗೆ ಹಚ್ಚಿದೆ.

"ಎಲ್ಲಿ ಹೋಗಿದ್ದಿಯವ್ವಾ? ನಿನಗ ಟ್ರಾನ್ಸ್‌ಫರ್ ಆಗೇತಿ! ಕಿತ್ತೂರಿಗೆ, ನಿಮ್ಮೂರ ಮಗ್ಗಲಕ್ಕ!" ಎಂದು ಕೂಗಿದಳು. ಅವಳ ದನಿ ಎಷ್ಟು ಜೋರಿತ್ತೆಂದರೆ ಪಕ್ಕದಲ್ಲಿದ್ದವರಿಗೂ ಕೇಳಿಸಿತು.

ನನಗೋ ಕುಣಿಯುವಷ್ಟು ಸಂತೋಷ. ಆದರೆ ಎದುರಿಗೆ ಕುಂಕುಮದ ಬಟ್ಟಲು ಹಿಡಿದು ಕುಳಿತ ಅಷ್ಟೂ ಜನರ ಮುಖ ನೋಡಿ, ನಗಬೇಕೋ ಕ್ಷಮೆ ಕೇಳಬೇಕೋ ತಿಳಿಯಲಿಲ್ಲ. ಮಾವನವರು ಟೋಪಿ ತೆಗೆದು ತಲೆ ಕೆರೆದುಕೊಂಡರು.

"ಅಂದ್ರ, ಬಂದದ್ದು ಟ್ರಾನ್ಸ್‌ಫಾರ್ಮರ್ ಅಲ್ಲ?"

"ಅಲ್ರಿ ಮಾವಾರ. ನನ್ನ ವರ್ಗಾವಣಿ."

ಅವರಲ್ಲಿ ಎಲ್ಲರಿಗಿಂತ ಹಿರಿಯರೊಬ್ಬರು ಮೀಸೆಯಲ್ಲೇ ನಕ್ಕರು. "ಕಾಯಿ ಒಡೀರಿ, ಅದಕೇನಾತು. ಸೊಸಿ ಮನಿಗೆ ಬರಾಕತ್ಯಾಳಲ್ಲ!"

ಬದುವಿನ ಕಲ್ಲಿಗೆ ಕಾಯಿ ಒಡೆದರು. ಯಾರೋ ಬೆಲ್ಲ ತಂದರು. ಸುಟ್ಟ ಟಿಸಿಯ ಕೆಳಗೆ ನನ್ನ ವರ್ಗಾವಣೆಯ ಹಬ್ಬ ನಡೆಯಿತು.

ಮನೆಗೆ ಬರುವಾಗ ಮಾವನವರು ಕೇಳಿದರು: "ಅಲ್ಲವಾ, ಎಲ್ಲಾ ಒಂದೇ ನಮೂನಿ ಯಾಕ ಶುರು ಆಗತಾವು?"

'ಟ್ರಾನ್ಸ್' ಎಂದರೆ ಒಂದು ಕಡೆಯಿಂದ ಆಚೆ ಕಡೆಗೆ ಎಂದು ಹೇಳಿದೆ. ನೌಕರಿ ಒಂದೂರಿಂದ ಇನ್ನೊಂದೂರಿಗೆ ಹೋದರೆ ಟ್ರಾನ್ಸ್‌ಫರ್, ಸಾಮಾನು ಹೋದರೆ ಟ್ರಾನ್ಸ್‌ಪೋರ್ಟ್, ಕರೆಂಟಿನ ಜೋರು ಬದಲಾಗಿ ಆಚೆ ಹೋದರೆ ಟ್ರಾನ್ಸ್‌ಫಾರ್ಮರ್, ಮಾತು ಈ ಭಾಷೆಯಿಂದ ಆ ಭಾಷೆಗೆ ಹೋದರೆ ಟ್ರಾನ್ಸ್‌ಲೇಷನ್.

"ಹೆಸರಿನ್ಯಾಗ 'ಆಚಿಗಿ' ಅಂತ ಇಟ್ಟುಕೊಂಡು ಆ ಆಫೀಸಿನಿಂದ ಆಚಿಗಿ ಬರವಲ್ದಲ್ಲ ಅದು!" ಎಂದು ಮಾವನವರು ಗೊಣಗಿದರು. ಅತ್ತೆಯವರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ಮುಂದೆ ಹದಿನೈದು ದಿನಕ್ಕೆ ಟಿಸಿಯೂ ಬಂತು. ಈ ಸಲ ಅದು ಕಂಬದ ಮೇಲೆ ಕುಳಿತು ಮೋಟರು ನೀರೆತ್ತುವವರೆಗೆ ಮಾವನವರು ಯಾರಿಗೂ ಸುದ್ದಿ ಹೇಳಲಿಲ್ಲ. ನಾನು ಆಗ ಹಳೆಯ ಶಾಲೆಯಲ್ಲಿ ಮಕ್ಕಳಿಗೆ ವಿದಾಯ ಹೇಳುತ್ತಿದ್ದೆ.

ಕಿತ್ತೂರಿನ ಶಾಲೆಗೆ ಹೋಗುವ ಮೊದಲ ಸೋಮವಾರ, ಬಿಸಿಲು ಅಂಗಳಕ್ಕೆ ಬಂದರೂ ನಾನು ಮನೆಯಲ್ಲೇ ಇರುವುದನ್ನು ಕಂಡು ಮಾವನವರಿಗೆ ಗಾಬರಿ. "ಸಾಲಿ ಇಲ್ಲೇನು ಇವತ್ತ?"

"ಐತ್ರಿ ಮಾವಾರ. ಇನ್ನೂ ಭಾಳ ಹೊತ್ತೈತಿ."

"ಹಂಗಾದ್ರ ಕುಂದರು," ಎಂದು ಕಟ್ಟೆಯ ಮೇಲೆ ಸರಿದು ಜಾಗ ಕೊಟ್ಟರು. ಅತ್ತೆಯವರು ಎರಡನೇ ಸಲ ಚಹಾ ಇಟ್ಟರು.