ಕಂಡಕ್ಟರ್ ತೋರಿಸಿದ ಹೋಟೆಲ್

ಕುದೂರಿನಿಂದ ಮಾಗಡಿಗೆ ಬರುವ ನಮ್ಮ ಪ್ರೈವೇಟ್ ಬಸ್ಸಿನ ಕಂಡಕ್ಟರನ್ನು ಕೇಳದೆ ಮಾಗಡಿಯಲ್ಲಿ ಯಾರೂ ಊಟಕ್ಕೆ ಹೋಗುತ್ತಿರಲಿಲ್ಲ. ಅವರು ಮಧ್ಯಾಹ್ನ ದಿನಕ್ಕೊಂದು ಹೋಟೆಲಿನಲ್ಲಿ ಉಣ್ಣುತ್ತಿದ್ದರು. ಎಲ್ಲಿ ಚೆನ್ನಾಗಿದೆ ಎಂದರೆ ಗದ್ದ ಎತ್ತಿ ದಿಕ್ಕು ತೋರಿಸಿ, "ಉಂಡ್ಬುಟ್ಟೇ ಹೇಳ್ತಿವ್ನಿ" ಎನ್ನುತ್ತಿದ್ದರು.

ಅವರ ಹೆಂಡತಿ ಬಸ್ ಸ್ಟ್ಯಾಂಡಿನ ಹಿಂದೆ ಮುದ್ದೆ ಮೆಸ್ ತೆರೆದ ಮೊದಲ ದಿನ, ಬಸ್ಸಿಳಿದ ನಾವು ಏಳೆಂಟು ಮಂದಿ ಅವರ ಬೆನ್ನಿಗೇ ಹೋದೆವು. ಆಯಮ್ಮ ಸೆರಗು ಸಿಕ್ಕಿಸಿಕೊಂಡು ಎಲೆ ಹಾಕಿಯೇಬಿಟ್ಟರು. ಕಂಡಕ್ಟರ್ ಅಂಗೈಗೆ ಒಂದು ತೊಟ್ಟು ಹುರುಳಿಕಾಳಿನ ಸಾರು ಹಾಕಿಸಿಕೊಂಡು ನೆಕ್ಕಿ ನೋಡಿದರು.

"ಒಸಿ ತಡೀರಿ. ಮಸಾಲೆ ಇನ್ನೂ ಹಸಿ ಐತೆ."

ಆಯಮ್ಮ ಸೌಟು ಹಿಡಿದೇ ತಿರುಗಿದರು. "ಮೊದಲ್ನೇ ದಿನವೇ ಬಂದೋರ್ನ ಓಡುಸ್ತೀಯಾ?"

"ಇವತ್ತು ಸುಳ್ಳೇಳಿದ್ರೆ ನಾಳಿಂದ ನನ್ನ ಮಾತು ಯಾರು ಕೇಳ್ತಾರಮ್ಮಿ?"

ಆಯಮ್ಮನ ಮುಖ ಸಣ್ಣದಾಯಿತು. ಆದರೆ ನಾವು ಯಾರೂ ಏಳಲಿಲ್ಲ. "ಕುದೀಲಿ ಬುಡವ್ವ, ಕಾಯ್ತೀವಿ" ಎಂದರು ನನ್ನ ಪಕ್ಕದಲ್ಲಿದ್ದ ಅಜ್ಜಿ.

ಸಾರು ಚೆನ್ನಾಗಿ ಕುದಿಯಿತು. ಕಂಡಕ್ಟರ್ ಮತ್ತೆ ಅಂಗೈ ನೆಕ್ಕಿ, ಹೆಂಡತಿಯ ಒಲೆಯ ಕಡೆಗೇ ಗದ್ದ ಎತ್ತಿದರು. ಎಲ್ಲರ ಎಲೆಗೂ ಬಿಸಿ ಮುದ್ದೆ, ಸಾರು ಬಿತ್ತು. ಕೊನೆಗೆ ಅವರೂ ಕೈ ತೊಳೆದು ಬಂದು ಕೂತರು. ಆಯಮ್ಮ ಪಾತ್ರೆಗೆ ಮುಚ್ಚಳ ಹಾಕಿದರು.

"ನಿಂಗಿನ್ನೂ ಹಸಿ ಐತೆ, ಒಸಿ ತಡಿ."